ಗಡಿ ದಾಟುವ ಬೆಳಕು

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ಬಣಕಲ್ ಎಂಬ ಊರಿದೆ. ಕಾಫಿ ತೋಟಗಳ ನಡುವೆ ಇರುವ ಈ ಊರಿನ ಹೆದ್ದಾರಿಯು ಕೊಟ್ಟಿಗೆಹಾರವನ್ನು ದಾಟಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಇಳಿದು ಮಂಗಳೂರನ್ನು ಸೇರುತ್ತದೆ. ಇಂದು ಈ ದಾರಿಯಲ್ಲಿ ಹೋಗುವವರು ದಾಟುವುದು ಕೇವಲ ಒಂದು ಜಿಲ್ಲೆಯ ಎಲ್ಲೆಯನ್ನು. ಆದರೆ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಇದು ಎರಡು ರಾಜ್ಯಗಳ ಗಡಿಯಾಗಿತ್ತು. ಘಟ್ಟದ ಮೇಲಿನ ಬಣಕಲ್ ಮೈಸೂರಿಗೂ ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಮದರಾಸಿಗೂ ಸೇರಿದ್ದವು. ಆಡಳಿತ ಎರಡಾಗಿದ್ದರೂ ಮಲೆನಾಡಿನ ಕಾಫಿ ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆಗಳಿಗೆ ಇಳಿಯುತ್ತಿತ್ತು. ವ್ಯಾಪಾರದ ಕಾಗದಪತ್ರಗಳೂ ಗಡಿಯನ್ನು ದಾಟಿ ಹೋಗಿಬರುತ್ತಿದ್ದವು.

ಕಾಗದವು ಗಡಿ ದಾಟಬೇಕಾದರೆ ಒಪ್ಪಂದ ಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ಒಂದಾಯಿತು. ಅದಕ್ಕೂ ಮೊದಲೇ, 1874ರಲ್ಲಿ, ಅನೇಕ ದೇಶಗಳು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಸೇರಿ ಅಂತರರಾಷ್ಟ್ರೀಯ ಅಂಚೆ ಒಕ್ಕೂಟವನ್ನು ಸ್ಥಾಪಿಸಿದ್ದವು. ಒಬ್ಬನ ಕಾಗದ ಇನ್ನೊಬ್ಬನನ್ನು ತಲಪುವಾಗ ನಡುವಿನ ಕೈಗಳೆಲ್ಲ ನಂಬಿಕೆಗೆ ಅರ್ಹವಾಗಿರಬೇಕು ಎಂಬುದೇ ಇಂಥ ಒಪ್ಪಂದಗಳ ತಿರುಳು. ಇದೇ ಪ್ರಶ್ನೆ ಇಂದು ಕ್ವಾಂಟಂ ತಂತ್ರಜ್ಞಾನದಲ್ಲಿ ಹೊಸ ರೂಪದಲ್ಲಿ ಎದುರಾಗಿದೆ.

ಬೆಳಕು ಫೋಟಾನ್ ಎಂಬ ಅತಿಸೂಕ್ಷ್ಮ ಶಕ್ತಿಕಣಗಳಾಗಿ ಸಾಗುತ್ತದೆ. ಇಂಥ ಸೂಕ್ಷ್ಮಕಣಗಳ ವರ್ತನೆಯನ್ನು ವಿವರಿಸುವ ಶಾಸ್ತ್ರವೇ ಕ್ವಾಂಟಂ ಭೌತಶಾಸ್ತ್ರ. ಈ ಶಾಸ್ತ್ರವು ಯಾವ ಒಂದು ದೇಶದ ಸೊತ್ತೂ ಅಲ್ಲ. 1924ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸರು ತಮ್ಮ ಲೇಖನವನ್ನು ಅಂಚೆಯ ಮೂಲಕ ಐನ್‌ಸ್ಟೈನರಿಗೆ ಕಳುಹಿಸಿದರು. ಐನ್‌ಸ್ಟೈನರು ಅದನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದರು. 1984ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ಸಂಪುಟದಲ್ಲಿ ಅಮೆರಿಕದ ಚಾರ್ಲ್ಸ್ ಬೆನೆಟ್ ಮತ್ತು ಕೆನಡಾದ ಜಿಲ್ ಬ್ರಸಾರ್ ಒಂದು ಹೊಸ ವಿಧಾನವನ್ನು ಪ್ರಕಟಿಸಿದರು. ರಹಸ್ಯ ಸಂದೇಶಕ್ಕೆ ಬೇಕಾದ ಕೀಲಿಯನ್ನು ಫೋಟಾನುಗಳ ಮೂಲಕ ಕಳುಹಿಸುವ ವಿಧಾನವದು. ಎರಡು ದೇಶಗಳ ವಿಜ್ಞಾನಿಗಳ ಈ ಚಿಂತನೆ ಮೂರನೆಯ ದೇಶದ ನಗರವೊಂದರಿಂದ ಜಗತ್ತಿಗೆ ಪರಿಚಯವಾಯಿತು.

ಹಿಂದೆ ಮುಖ್ಯವಾದ ಪತ್ರಗಳಿಗೆ ಅರಗಿನ ಮುದ್ರೆ ಒತ್ತುತ್ತಿದ್ದರು. ಮುದ್ರೆ ಒಡೆದಿದ್ದರೆ ಪತ್ರವನ್ನು ಯಾರೋ ತೆರೆದಿದ್ದಾರೆಂದು ತಿಳಿಯುತ್ತಿತ್ತು. ಫೋಟಾನಿನ ಸ್ಥಿತಿಯೂ ಅಂಥ ಮುದ್ರೆಯಂತೆ. ನಡುವೆ ಯಾರಾದರೂ ಅದನ್ನು ಅಳೆಯಲು ಯತ್ನಿಸಿದರೆ ಅದರ ಸ್ಥಿತಿ ಕದಡುತ್ತದೆ. ಕಳುಹಿಸಿದವರೂ ಪಡೆದವರೂ ಕೀಲಿಯ ಒಂದು ಭಾಗವನ್ನು ಹೋಲಿಸಿ ನೋಡಿದಾಗ ತಪ್ಪುಗಳು ಮಿತಿಮೀರಿ ಕಂಡರೆ ಕಳ್ಳಗಿವಿಯಿದೆಯೆಂದು ಅರಿತು ಆ ಕೀಲಿಯನ್ನು ಬಿಟ್ಟುಬಿಡುತ್ತಾರೆ. ಇದರ ಅಗತ್ಯವೂ ಸಣ್ಣದಲ್ಲ. ಪ್ರಬಲವಾದ ಕ್ವಾಂಟಂ ಗಣಕವು ಇಂದು ಬಳಕೆಯಲ್ಲಿರುವ ಕೆಲವು ಮುಖ್ಯ ಗೂಢಲಿಪಿಗಳನ್ನು ಭೇದಿಸಬಲ್ಲದೆಂದು 1994ರಲ್ಲಿಯೇ ಪೀಟರ್ ಶೋರ್ ಎಂಬ ಗಣಿತಜ್ಞರು ತೋರಿಸಿದರು. ಇಂದು ಕದ್ದು ಸಂಗ್ರಹಿಸಿಟ್ಟ ಸಂದೇಶವನ್ನು ಅಂಥ ಗಣಕ ಬಂದ ದಿನ ಓದಬಹುದು.

ಆದರೆ ಫೋಟಾನಿಗೆ ರಕ್ಷಣೆ ನೀಡುವ ಗುಣವೇ ಅದರ ಮಿತಿಯೂ ಆಗಿದೆ. ಆಪ್ಟಿಕಲ್ ಫೈಬರ್ ಎಂಬ ಗಾಜಿನೆಳೆಯಲ್ಲಿ ಸುಮಾರು 50 ಕಿಲೋಮೀಟರ್ ಸಾಗುವಷ್ಟರಲ್ಲಿ ಹತ್ತು ಫೋಟಾನುಗಳಲ್ಲಿ ಒಂದು ಮಾತ್ರ ಉಳಿಯುತ್ತದೆ. ನೂರು ಕಿಲೋಮೀಟರಿಗೆ ನೂರರಲ್ಲಿ ಒಂದು. ಬೆಂಗಳೂರಿನಿಂದ ಚೆನ್ನೈಗೆ ಇರುವ ಸುಮಾರು 350 ಕಿಲೋಮೀಟರನ್ನು ದಾಟುವುದು ಒಂದು ಕೋಟಿಯಲ್ಲಿ ಒಂದೇ ಒಂದು. ಸಾಮಾನ್ಯ ದೂರವಾಣಿ ಸಂಕೇತವು ಕ್ಷೀಣಿಸಿದರೆ ನಡುದಾರಿಯಲ್ಲಿ ಅದನ್ನು ಬಲಪಡಿಸಬಹುದು. ಫೋಟಾನಿನ ಅಪರಿಚಿತ ಸ್ಥಿತಿಯನ್ನಾದರೋ ಇದ್ದಂತೆಯೇ ನಕಲು ಮಾಡಲು ನಿಸರ್ಗದ ನಿಯಮವೇ ಅವಕಾಶ ಕೊಡದು. ಆದಕಾರಣ ದಾರಿಯಲ್ಲಿ ಅಲ್ಲಲ್ಲಿ ನಿಲ್ದಾಣಗಳನ್ನು ಕಟ್ಟಿ, ಪ್ರತಿಯೊಂದರಲ್ಲಿಯೂ ಕೀಲಿಯನ್ನು ಸ್ವೀಕರಿಸಿ ಮುಂದಕ್ಕೆ ಹೊಸದಾಗಿ ಸಾಗಿಸಬೇಕು. ಆ ನಿಲ್ದಾಣದೊಳಗೆ ಕೀಲಿಯು ಸಾಮಾನ್ಯ ಮಾಹಿತಿಯಾಗಿರುತ್ತದೆ. ಅದನ್ನು ಕಾಯುವವರು ಪ್ರಾಮಾಣಿಕರಾಗಿರಲೇಬೇಕು. ಈ ತೊಡಕನ್ನು ನೀಗಿಸಬಲ್ಲ ಸಾಧನಗಳು ಇನ್ನೂ ಸಂಶೋಧನೆಯ ಹಂತದಲ್ಲಿವೆ.

ನಡುವಿನ ನಿಲ್ದಾಣವು ಅನೇಕ ವೇಳೆ ನೆರೆಯವರ ನೆಲದಲ್ಲಿರುತ್ತದೆ. ಆದುದರಿಂದ ಈ ಕ್ಷೇತ್ರದಲ್ಲಿ ಸಹಕಾರವೆಂಬುದು ಕೇವಲ ಸೌಜನ್ಯವಲ್ಲ, ಅದು ಅನಿವಾರ್ಯ. 2021ರ ಆಗಸ್ಟಿನಲ್ಲಿ ಇಟಲಿಯ ಟ್ರಿಯೆಸ್ಟ್, ಸ್ಲೊವೇನಿಯದ ಲ್ಯುಬ್ಲ್ಯಾನ, ಕ್ರೊಯೇಷಿಯದ ರಿಯೆಕ ಎಂಬ ಮೂರು ನಗರಗಳನ್ನು ಕ್ವಾಂಟಂ ಸಂಪರ್ಕದಿಂದ ಜೋಡಿಸಿ ತೋರಿಸಲಾಯಿತು. ಯುರೋಪಿಯನ್ ಒಕ್ಕೂಟದ 27 ದೇಶಗಳೂ ಇಂಥ ಜಾಲವನ್ನು ಒಟ್ಟಾಗಿ ಕಟ್ಟಲು ಸಹಿ ಹಾಕಿವೆ.

ಭಾರತದಲ್ಲಿಯೂ ಈ ದಿಕ್ಕಿನಲ್ಲಿ ಕೆಲಸ ನಡೆದಿದೆ. 2021ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎರಡು ಕಟ್ಟಡಗಳ ನಡುವೆ ಗಾಳಿಯ ಮೂಲಕವೇ ಇಂಥ ಸಂಪರ್ಕವನ್ನು ಸಾಧಿಸಿದರು. 2023ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರವು ರೂ. 6,003.65 ಕೋಟಿ ವೆಚ್ಚದ ರಾಷ್ಟ್ರೀಯ ಕ್ವಾಂಟಂ ಅಭಿಯಾನಕ್ಕೆ ಒಪ್ಪಿಗೆ ನೀಡಿತು. 2,000 ಕಿಲೋಮೀಟರ್ ದೂರದ ಸುರಕ್ಷಿತ ಸಂಪರ್ಕ ಅದರ ಗುರಿಗಳಲ್ಲಿ ಒಂದು. ಅಭಿಯಾನದ ಕೆಲಸವನ್ನು ನಾಲ್ಕು ಕೇಂದ್ರಗಳಿಗೆ ಹಂಚಲಾಗಿದೆ: ಗಣಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಂಪರ್ಕ ಮದರಾಸಿನ ಐ.ಐ.ಟಿ.ಗೆ, ಸೂಕ್ಷ್ಮ ಅಳತೆ ಮುಂಬಯಿಯ ಐ.ಐ.ಟಿ.ಗೆ, ವಸ್ತು ಮತ್ತು ಸಾಧನಗಳು ದೆಹಲಿಯ ಐ.ಐ.ಟಿ.ಗೆ. ಬೆಂಗಳೂರಿನ ಗಣಕಕ್ಕೆ ಚೆನ್ನೈಯ ಜ್ಞಾನ ಬೇಕು. ಚೆನ್ನೈಯ ಜಾಲಕ್ಕೆ ದೆಹಲಿಯ ಸಾಧನ ಬೇಕು. 2025ರಲ್ಲಿ ಕರ್ನಾಟಕವು ರೂ. 1,000 ಕೋಟಿಯ ತನ್ನದೇ ಕ್ವಾಂಟಂ ಯೋಜನೆಯನ್ನು ಪ್ರಕಟಿಸಿತು. ಅದೇ ವರ್ಷ ಆಂಧ್ರಪ್ರದೇಶವು ಅಮರಾವತಿಯಲ್ಲಿ ಕ್ವಾಂಟಂ ಕೇಂದ್ರವನ್ನು ಕಟ್ಟಲು ಮುಂದಾಯಿತು. ನೆರೆರಾಜ್ಯಗಳ ನಡುವೆ ಸ್ಪರ್ಧೆಯಿರುವುದು ಸಹಜ. ಆದರೆ ಒಂದರ ಯಂತ್ರ ಇನ್ನೊಂದರ ಯಂತ್ರದೊಡನೆ ಹೊಂದಿಕೊಳ್ಳದಿದ್ದರೆ ಇಬ್ಬರ ಹಣವೂ ವ್ಯರ್ಥವಾದೀತು.

ಹೀಗಿರುವಲ್ಲಿ ನೆರೆನಾಡುಗಳ ಸಹಕಾರನೀತಿ ಮೂರು ವಿಷಯಗಳನ್ನು ಸ್ಪಷ್ಟಪಡಿಸಬೇಕಾಗುತ್ತದೆ. ಮೊದಲನೆಯದು, ಎಲ್ಲರೂ ಒಪ್ಪುವ ಸಮಾನ ಮಾನದಂಡ. ಎರಡನೆಯದು, ನಡುವಿನ ನಿಲ್ದಾಣಗಳನ್ನು ಕಾಯುವವರು ಯಾರು, ತಪ್ಪು ನಡೆದರೆ ಹೊಣೆ ಯಾರದು ಎಂಬ ನಿರ್ಣಯ. ಮೂರನೆಯದು, ದುಬಾರಿಯಾದ ಪ್ರಯೋಗಶಾಲೆಗಳನ್ನೂ ತರಬೇತಿಯನ್ನೂ ಹಂಚಿಕೊಳ್ಳುವ ಕ್ರಮ. ಈ ಮೂರನೆಯ ಮಾತು ಬಣಕಲ್ಲಿನಂಥ ಊರುಗಳಿಗೆ ಬಹು ಮುಖ್ಯವಾದುದು. ಎರಡು ಮಹಾನಗರಗಳ ನಡುವಿನ ನಿಲ್ದಾಣಗಳು ಇಂಥ ಊರುಗಳ ಬಳಿಯಲ್ಲಿಯೇ ಬರಬೇಕಾದೀತು. ಅವುಗಳನ್ನು ನಡೆಸುವ ವಿದ್ಯೆಯು ಆ ಊರಿನ ಮಕ್ಕಳಿಗೂ ದೊರೆತರೆ, ಬೆಳಕಿನೆಳೆ ಹಾದುಹೋಗುವ ದಾರಿಯಲ್ಲಿ ಅವರು ಬರಿಯ ನೋಟಕರಾಗಿ ಉಳಿಯುವುದಿಲ್ಲ.

ಕಾಗದವನ್ನು ಹೊತ್ತು ಓಡುತ್ತಿದ್ದ ಅಂಚೆಯವನು ಮುದ್ರೆಯನ್ನು ಒಡೆಯಲಾರನೆಂಬ ನಂಬಿಕೆಯ ಮೇಲೆ ಆ ಕಾಲದ ವ್ಯವಹಾರ ನಿಂತಿತ್ತು. ಇಂದು ಓಡುವುದು ಬೆಳಕು. ಅದರ ಮುದ್ರೆಯನ್ನು ನಿಸರ್ಗವೇ ಕಾಯುತ್ತದೆ. ದಾರಿಯ ನಿಲ್ದಾಣಗಳನ್ನು ಕಾಯುವ ಹೊಣೆ ಮಾತ್ರ ಮನುಷ್ಯರದೇ ಆಗಿದೆ.