ಬರೆದಿಟ್ಟ ಟಿಪ್ಪಣಿ ಬೇಕೆಂದಾಗ ಸಿಗಬೇಕಲ್ಲ!

ಸೇಡಂ ತಾಲೂಕಿನ ಮುಧೋಳದ ಸುತ್ತ ಇತಿಹಾಸದ ಟಿಪ್ಪಣಿ ಮಾಡುವವರಿಗೆ ಸಾಮಗ್ರಿಗೆ ಬರವಿಲ್ಲ. ಮಳಖೇಡದ ಕೋಟೆ, ನಾಗಾವಿಯ ಘಟಿಕಾಸ್ಥಾನ, ಸನ್ನತಿಯ ಅಶೋಕ ಶಾಸನ, ಶಹಾಬಾದಿನ ಹಾಸುಗಲ್ಲು, ವಾಡಿಯ ಸಿಮೆಂಟು. ಆದರೆ ಆರು ತಿಂಗಳ ಮೇಲೆ ಬೇಕಾದ ಸಾಲು ಕೈಗೆ ಸಿಗುವುದಿಲ್ಲ. ತಲೆಬರಹದ ಕೆಳಗೆ ಉಪತಲೆಬರಹ ಇಟ್ಟು, ಬೇಡವಾದಾಗ ಮಡಚಿ, ಬೇಕಾದಾಗ ಬಿಚ್ಚುವ ಔಟ್‌ಲೈನರ್ ತಂತ್ರಾಂಶಗಳು ಇರುವುದೇ ಇದಕ್ಕೆ. ಅವುಗಳನ್ನು ಆರಿಸುವಾಗ ಕೆಲವು ತಪ್ಪು ಕಲ್ಪನೆಗಳು ಅಡ್ಡ ಬರುತ್ತವೆ.

ತಪ್ಪು ಕಲ್ಪನೆ: ಸರ್ಚ್ ಇದ್ದರೆ ಸಾಕು.
ವಾಸ್ತವ: ‘ಮುಧೋಳ’ ಎಂದು ಹುಡುಕಿ ನೋಡಿ, ಬಾಗಲಕೋಟೆ ಜಿಲ್ಲೆಯ ಮುಧೋಳ, ಅಲ್ಲಿನ ಕವಿ ರನ್ನ, ಬೇಟೆನಾಯಿ ಎಲ್ಲ ಒಟ್ಟಿಗೆ ಬರುತ್ತವೆ. ಊರಿನ ಜೊತೆ ತಾಲೂಕನ್ನೂ ಬರೆದಿದ್ದರೆ ಈ ಗೊಂದಲವಿಲ್ಲ. ‘ಮಾನ್ಯಖೇಟ’ ಎಂದು ಬರೆದಿಟ್ಟದ್ದು ‘ಮಳಖೇಡ’ ಎಂದರೆ ಸಿಗದು. ಊರಿನ ಹಳೆಯ, ಹೊಸ ಎರಡೂ ಹೆಸರು ಒಂದೇ ಸಾಲಿನಲ್ಲಿರಲಿ. ಇನ್ನು ನಮ್ಮ ವಿಭಕ್ತಿಗಳು. ‘ಕಲ್ಲು’ ಎಂದು ಕೊಟ್ಟರೆ ‘ಕಲ್ಲಿನ’, ‘ಕಲ್ಲಿಗೆ’ ತಪ್ಪಿಹೋಗುತ್ತವೆ. ‘ಕಲ್ಲ’ ಎಂದಷ್ಟೇ ಕೊಟ್ಟರೆ ಹಲವು ಆ್ಯಪ್‌ಗಳಲ್ಲಿ ಮೂರೂ ಸಿಗುತ್ತವೆ. ಹಳೆಯ ನುಡಿ, ಬರಹ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ಬದಲಿಸದೆ ಅಂಟಿಸಿದರಂತೂ ತಂತ್ರಾಂಶದ ಕಣ್ಣಿಗೆ ಅದು ಕನ್ನಡವೇ ಅಲ್ಲ. ಆ್ಯಪ್ ಆರಿಸುವ ಮುನ್ನ ನಿಮ್ಮದೇ ಒಂದು ಪುಟ ಹಾಕಿ ಹುಡುಕಿಸಿ. ಯೂಟ್ಯೂಬಿನ ಹೊಗಳಿಕೆಗಿಂತ ಈ ಪರೀಕ್ಷೆ ವಾಸಿ.

ತಪ್ಪು ಕಲ್ಪನೆ: ವಿಭಾಗಗಳೆಲ್ಲ ಮೊದಲೇ ಗಟ್ಟಿಯಾಗಬೇಕು.
ವಾಸ್ತವ: ಮಳಖೇಡ ‘ರಾಷ್ಟ್ರಕೂಟರು’ ಅಡಿ ಬರಬೇಕೋ, ‘ಕಾಗಿಣಾ ನದಿ ದಂಡೆಯ ಊರುಗಳು’ ಅಡಿ ಬರಬೇಕೋ? ಎರಡು ಕಡೆಯೂ ಬರಬಹುದು. ವರ್ಕ್‌ಫ್ಲೋಯಿ ಎಂಬ ಔಟ್‌ಲೈನರ್‌ನಲ್ಲಿ ಒಂದೇ ಟಿಪ್ಪಣಿಯನ್ನು ಎರಡು ಜಾಗದಲ್ಲಿ ತೋರಿಸುವ ‘ಮಿರರ್’ ಇದೆ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆಯೂ ಬದಲಾಗುತ್ತದೆ. ಮೊದಲು ಬರೆಯುತ್ತ ಹೋಗಿ, ವಿಭಾಗ ಆಮೇಲೆ ಮಾಡಿದರಾಯಿತು.

ತಪ್ಪು ಕಲ್ಪನೆ: ದೊಡ್ಡ ಕಂಪನಿಯ ಆ್ಯಪ್‌ನಲ್ಲಿ ಟಿಪ್ಪಣಿ ಶಾಶ್ವತ.
ವಾಸ್ತವ: ಗೂಗಲ್ ನೋಟ್‌ಬುಕ್ 2012ರಲ್ಲಿ ಮುಚ್ಚಿತು. ಎವರ್‌ನೋಟ್ 2023ರ ಡಿಸೆಂಬರ್‌ನಲ್ಲಿ ಉಚಿತ ಬಳಕೆದಾರರಿಗೆ 50 ಟಿಪ್ಪಣಿಗಳ ಮಿತಿ ಹಾಕಿತು. ಆರ್ಗ್-ಮೋಡ್, ಆಬ್ಸಿಡಿಯನ್ ಎಂಬ ತಂತ್ರಾಂಶಗಳು ಹಾಗಲ್ಲ. ಟಿಪ್ಪಣಿ ನಿಮ್ಮ ಕಂಪ್ಯೂಟರಿನಲ್ಲೇ ಸಾದಾ ಪಠ್ಯವಾಗಿ ಇರುತ್ತದೆ, ನೆಟ್‌ವರ್ಕ್ ಹೋದರೂ ತೆರೆಯುತ್ತದೆ. ಆರ್ಗ್-ಮೋಡ್ ಕಲಿಯಲು ತಾಳ್ಮೆ ಬೇಕು, ಎಲ್ಲರಿಗೂ ಹೇಳಿ ಮಾಡಿಸಿದ್ದಲ್ಲ.

ತಪ್ಪು ಕಲ್ಪನೆ: ಇದೆಲ್ಲ ಹೊಸ ಫ್ಯಾಷನ್ನು.
ವಾಸ್ತವ: ಡೇವ್ ವೈನರ್ ಅವರ ಔಟ್‌ಲೈನರ್ ‘ಥಿಂಕ್‌ಟ್ಯಾಂಕ್’ ಬಂದದ್ದು 1983ರಲ್ಲಿ. ಇಂಥ ಟಿಪ್ಪಣಿಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಲು ಓಪಿಎಂಎಲ್ ಎಂಬ ಕಡತ ಮಾದರಿಯೂ ಇದೆ.

ಆ್ಯಪ್ ಹಾಕಿಕೊಂಡ ದಿನವೇ ಟಿಪ್ಪಣಿಗಳನ್ನೆಲ್ಲ ಓಪಿಎಂಎಲ್ ಆಗಿಯೋ ಸಾದಾ ಪಠ್ಯವಾಗಿಯೋ ಹೊರತೆಗೆದು ನೋಡಿ. ಬರದಿದ್ದರೆ ಅದು ನಿಮಗೆ ಬೇಡ.