ಓಟಗಾರನ ಜೊತೆಗಾರ

1992ನೆಯ ಇಸವಿ ನವೆಂಬರ್ 1ರಂದು ನ್ಯೂಯಾರ್ಕ್ ನಗರದಲ್ಲಿ ಮ್ಯಾರಥಾನ್ ಓಟ ನಡೆಯಿತು. ಗೆದ್ದವರು ಗುರಿಮುಟ್ಟಿ ಮೂರು ಗಂಟೆಗಳಿಗೂ ಮೀರಿದ ಮೇಲೆ ಇಬ್ಬರು ಓಟಗಾರರು ಅಕ್ಕಪಕ್ಕದಲ್ಲಿ ನಿಧಾನವಾಗಿ ಹೆಜ್ಜೆಯಿಡುತ್ತ ಸೆಂಟ್ರಲ್ ಪಾರ್ಕಿನ ಕೊನೆಯ ಗೆರೆಯನ್ನು ದಾಟಿದರು. ಅವರಲ್ಲಿ ಒಬ್ಬರು ಫ್ರೆಡ್ ಲೆಬೊ, ರುಮೇನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು, ವಯಸ್ಸು 60. ಅದಕ್ಕೆ ಎರಡು ವರ್ಷ ಹಿಂದೆ, 1990ರಲ್ಲಿ, ಅವರ ಮಿದುಳಿನಲ್ಲಿ ಕ್ಯಾನ್ಸರ್ ಇದೆಯೆಂದು ವೈದ್ಯರು ಕಂಡುಹಿಡಿದಿದ್ದರು. ಇನ್ನೊಬ್ಬರು ನಾರ್ವೆ ದೇಶದ ಗ್ರೇಟ ವೈಟ್ಸ್. ಮಹಿಳೆಯರ ವಿಭಾಗದಲ್ಲಿ ಅದೇ ಓಟವನ್ನು 9 ಸಲ ಗೆದ್ದವರು. ಅಂದು ಅವರಿಬ್ಬರೂ 42.195 ಕಿಲೋಮೀಟರ್ ದೂರವನ್ನು ಕ್ರಮಿಸಲು ತೆಗೆದುಕೊಂಡ ಕಾಲ 5 ಗಂಟೆ 32 ನಿಮಿಷ. ಗೆಲ್ಲುವುದನ್ನೇ ರೂಢಿ ಮಾಡಿಕೊಂಡಿದ್ದ ಆಕೆ ಅಂದು ಕಣ್ಣೀರಿಟ್ಟರು.

ಇವರ ಸ್ನೇಹಕ್ಕೆ ಹಿಂದಿನ ಕಥೆಯೊಂದುಂಟು. ಲೆಬೊ ಅವರು ಬಟ್ಟೆಯ ಉದ್ಯಮದಲ್ಲಿದ್ದು, ಹವ್ಯಾಸಕ್ಕಾಗಿ ಓಡುತ್ತಿದ್ದವರು. 1970ರಲ್ಲಿ ಗೆಳೆಯರೊಡನೆ ಸೇರಿ ನ್ಯೂಯಾರ್ಕ್ ಮ್ಯಾರಥಾನನ್ನು ಪ್ರಾರಂಭಿಸಿದರು. ಮೊದಲ ವರ್ಷ ಓಡಿದವರು 127 ಮಂದಿ. ಕೊನೆ ಮುಟ್ಟಿದವರು 55. ಅವರಲ್ಲಿ ಲೆಬೊ ಅವರದು 45ನೆಯ ಸ್ಥಾನ. 1978ರಲ್ಲಿ ಅವರು ಆಸ್ಲೋ ನಗರದ ಶಾಲಾ ಉಪಾಧ್ಯಾಯಿನಿಯೊಬ್ಬರನ್ನು, ಮುಂದೆ ಓಡಿ ಇತರರಿಗೆ ವೇಗವನ್ನು ಹಾಕಿಕೊಡಲೆಂದು ಕರೆಸಿದರು. ಅಷ್ಟು ದೂರವನ್ನು ಅದುವರೆಗೆ ಎಂದೂ ಓಡದಿದ್ದ ಆ ಉಪಾಧ್ಯಾಯಿನಿ 2 ಗಂಟೆ 32 ನಿಮಿಷ 30 ಸೆಕೆಂಡುಗಳಲ್ಲಿ ಗುರಿಮುಟ್ಟಿ, ಮಹಿಳೆಯರಲ್ಲಿ ಜಗತ್ತಿನ ಅತ್ಯುತ್ತಮ ಕಾಲವನ್ನು ಸ್ಥಾಪಿಸಿದರು. ಅವರೇ ಗ್ರೇಟ ವೈಟ್ಸ್. ಇತರರಿಗೆ ನೆರವಾಗಲು ಬಂದು ತಾವೇ ಗೆದ್ದವರು, ಹದಿನಾಲ್ಕು ವರ್ಷಗಳ ಬಳಿಕ ಕರೆದವರ ಪಕ್ಕದಲ್ಲಿಯೇ ಓಡಿ ಋಣ ತೀರಿಸಿದರು.

ಈ ಸಂಗತಿಯನ್ನು ಕೇಳಿದವರು ಮೆಚ್ಚಿ ಸುಮ್ಮನಾಗಬಹುದು. ಭೌತವಿಜ್ಞಾನವನ್ನು ಕಲಿಸುವ ನಮಗೆ ಮಾತ್ರ ಒಂದು ಪ್ರಶ್ನೆ ಉಳಿಯುತ್ತದೆ. ಆ ಐದೂವರೆ ಗಂಟೆಗಳಲ್ಲಿ ವೈಟ್ಸ್ ಅವರು ಲೆಬೊ ಅವರಿಗೆ ಕೊಟ್ಟುದಾದರೂ ಏನು? ಅದನ್ನು ಅಳೆಯಲು ಸಾಧ್ಯವೆ? ವಾಚಕರು ಕಾಗದ ಪೆನ್ಸಿಲುಗಳನ್ನು ಹತ್ತಿರವಿಟ್ಟುಕೊಂಡು ನಮ್ಮೊಡನೆ ಬರಲಿ.

ಸಾಲ ಕೊಡಲಾಗದ ಶಕ್ತಿ

ಇಟಲಿಯ ಶರೀರವಿಜ್ಞಾನಿ ಮಾರ್ಗರಿಯಾ ಮತ್ತು ಅವರ ಸಂಗಡಿಗರು 1963ರಲ್ಲಿ ಒಂದು ಸರಳವಾದ ನಿಯಮವನ್ನು ಪ್ರಕಟಿಸಿದರು. ಸಮನೆಲದ ಮೇಲೆ ಓಡುವವನು ತನ್ನ ತೂಕದ ಒಂದೊಂದು ಕಿಲೋಗ್ರಾಮಿಗೆ, ಕ್ರಮಿಸಿದ ಒಂದೊಂದು ಕಿಲೋಮೀಟರಿಗೆ, ಸುಮಾರು ಒಂದು ಕಿಲೋಕ್ಯಾಲೊರಿ ಶಕ್ತಿಯನ್ನು ವೆಚ್ಚಮಾಡುತ್ತಾನೆ. ವೇಗವಾಗಿ ಓಡಲಿ, ನಿಧಾನವಾಗಿ ಓಡಲಿ, ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ.

ಇದರ ಅರ್ಥವನ್ನು ಸ್ವಲ್ಪ ವಿಚಾರಿಸೋಣ. 60 ಕಿಲೋಗ್ರಾಂ ತೂಕದ ಓಟಗಾರನಿಗೆ ಮ್ಯಾರಥಾನಿಗೆ ಬೇಕಾಗುವ ಶಕ್ತಿ 60 × 42.195, ಎಂದರೆ ಸುಮಾರು 2,500 ಕಿಲೋಕ್ಯಾಲೊರಿ. ಅಷ್ಟೇ ತೂಕದ ಇಬ್ಬರಲ್ಲಿ ಒಬ್ಬನು ಎರಡೂವರೆ ಗಂಟೆಯಲ್ಲಿ, ಇನ್ನೊಬ್ಬನು ಐದೂವರೆ ಗಂಟೆಯಲ್ಲಿ ಓಡಿದರೆ ಇಬ್ಬರ ವೆಚ್ಚವೂ ಹೆಚ್ಚು ಕಡಿಮೆ ಸಮ. ವ್ಯತ್ಯಾಸವಿರುವುದು ವೆಚ್ಚದ ದರದಲ್ಲಿ: ಮೊದಲನೆಯವನದು ಸುಮಾರು 1,160 ವಾಟ್, ಎರಡನೆಯವನದು 530 ವಾಟ್. ಕೊನೆಯಲ್ಲಿ ಬಂದವನು ಕಡಮೆ ಓಡಿದನೆಂದು ನಗುವವರು ಈ ಲೆಕ್ಕವನ್ನು ನೆನಪಿನಲ್ಲಿಡುವುದು ಒಳ್ಳೆಯದು. ಹೆಜ್ಜೆಗಳನ್ನು ಎಣಿಸಿದರೆ ನಿಧಾನದವನದೇ ಮೇಲುಗೈ. ಮೊದಲನೆಯವನು ನಿಮಿಷಕ್ಕೆ 185 ಹೆಜ್ಜೆ, ಎರಡನೆಯವನು 160 ಹೆಜ್ಜೆ ಹಾಕಿದರೆಂದು ಭಾವಿಸಿದರೂ, ಮೊದಲನೆಯವನ ಕಾಲು ನೆಲಕ್ಕೆ ತಾಗುವುದು ಸುಮಾರು 28,000 ಸಲ, ಎರಡನೆಯವನದು 53,000 ಸಲ. ಅಂದು ವೈಟ್ಸ್ ಅವರ ಕಾಲುಗಳಿಗೂ ಅದು ಹೊಸ ಶ್ರಮವಾಗಿತ್ತು.

ಆದರೆ ಇವುಗಳಲ್ಲಿ ಒಂದು ಕ್ಯಾಲೊರಿಯನ್ನಾಗಲಿ ಒಂದು ಹೆಜ್ಜೆಯನ್ನಾಗಲಿ ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ತನ್ನ ಭಾರವನ್ನು ಪ್ರತಿಯೊಬ್ಬನೂ ತಾನೇ ಹೊರಬೇಕು.

ಗಾಳಿಗೆ ಅಡ್ಡವಾಗಿ

ಹಾಗಾದರೆ ಗಾಳಿಯ ತಡೆಯನ್ನು ವಿಚಾರಿಸೋಣ. ಮುಂದಿರುವವನು ಗಾಳಿಯನ್ನು ಸೀಳಿ ಹಿಂದಿನವನಿಗೆ ಹಾದಿ ಮಾಡಿಕೊಡುವುದುಂಟು. 1953ರ ಎವರೆಸ್ಟ್ ಯಾತ್ರೆಯಲ್ಲಿ ಪಾಲುಗೊಂಡಿದ್ದ ಶರೀರವಿಜ್ಞಾನಿ ಗ್ರಿಫಿತ್ ಪ್ಯು ಅವರು ಇದನ್ನು ಅಳೆದು 1971ರಲ್ಲಿ ಪ್ರಕಟಿಸಿದರು. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಓಡುವವನು ಇನ್ನೊಬ್ಬನ ಹಿಂದೆ 1 ಮೀಟರ್ ದೂರದಲ್ಲಿ ಓಡಿದರೆ ಅವನು ಸೇವಿಸುವ ಆಮ್ಲಜನಕದಲ್ಲಿ ನೂರಕ್ಕೆ 6.5ರಷ್ಟು ಉಳಿತಾಯವಾಗುತ್ತದೆ.

ಈ ಉಪಾಯದ ಪ್ರಸಿದ್ಧ ಉದಾಹರಣೆ 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ನಡೆದ ಓಟ. ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ರೋಜರ್ ಬ್ಯಾನಿಸ್ಟರ್ ಅಂದು ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿ, ನಾಲ್ಕು ನಿಮಿಷಗಳ ಗಡಿಯನ್ನು ಮೊದಲ ಬಾರಿಗೆ ದಾಟಿದರು. ಮೊದಲು ಕ್ರಿಸ್ ಬ್ರೇಷರ್, ಬಳಿಕ ಕ್ರಿಸ್ ಚಾಟವೇ ಅವರ ಮುಂದೆ ಓಡಿ ವೇಗವನ್ನು ಕಾಯ್ದುಕೊಟ್ಟರು. ಕೊನೆಯ ಸುತ್ತಿನಲ್ಲಿ ಬ್ಯಾನಿಸ್ಟರ್ ಒಬ್ಬರೇ ಮುನ್ನುಗ್ಗಿದರು. ಮೂವರೂ ಹವ್ಯಾಸಿಗಳು, ಒಟ್ಟಿಗೆ ಅಭ್ಯಾಸ ಮಾಡಿದವರು. ಇದೇ ಬ್ರೇಷರ್ 1979ರಲ್ಲಿ ನ್ಯೂಯಾರ್ಕಿಗೆ ಹೋಗಿ ಲೆಬೊ ಅವರ ಮ್ಯಾರಥಾನಿನಲ್ಲಿ ಓಡಿ, ಅದನ್ನು ಕಂಡು ಬೆರಗಾಗಿ, ಜಾನ್ ಡಿಸ್ಲಿಯೊಡನೆ 1981ರಲ್ಲಿ ಲಂಡನ್ ಮ್ಯಾರಥಾನನ್ನು ಪ್ರಾರಂಭಿಸಿದರೆಂಬುದನ್ನು ಇಲ್ಲಿ ಸ್ಮರಿಸಬಹುದು.

ಬ್ಯಾನಿಸ್ಟರರ ವೇಗ ಸೆಕೆಂಡಿಗೆ 6.7 ಮೀಟರ್, ಲೆಬೊ ಅವರದು 2.1 ಮೀಟರ್. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅದನ್ನು ಎದುರಿಸಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ಎರಡು ವೇಗಗಳ ನಿಷ್ಪತ್ತಿ 3.2. ಆದುದರಿಂದ ಗಾಳಿ ನಿಶ್ಚಲವಾಗಿದ್ದಾಗ ಲೆಬೊ ಅವರು ಎದುರಿಸಿದ ತಡೆ ಬ್ಯಾನಿಸ್ಟರರದರಲ್ಲಿ ಹತ್ತನೆಯ ಒಂದು ಪಾಲು; ಅದಕ್ಕೆ ತೆತ್ತ ಸಾಮರ್ಥ್ಯ ಮೂವತ್ತನೆಯ ಒಂದು ಪಾಲಿಗಿಂತಲೂ ಕಡಮೆ. ಅಲ್ಲದೆ ವೈಟ್ಸ್ ಓಡಿದುದು ಪಕ್ಕದಲ್ಲಿ. ಗಾಳಿಯ ಲೆಕ್ಕದಲ್ಲಿ ಅವರ ನೆರವು ಸೊನ್ನೆಯೆಂದೇ ಹೇಳಬೇಕು.

ಯಂತ್ರಶಾಸ್ತ್ರದ ಬಾಗಿಲುಗಳೆಲ್ಲ ಹೀಗೆ ಮುಚ್ಚಿಕೊಂಡಮೇಲೆ ನಾವು ಬೇರೆಡೆ ಹುಡುಕಬೇಕಾಗುತ್ತದೆ.

ಮಾತೆಂಬ ಮಾಪಕ

ಓಟಗಾರರಲ್ಲಿ ಒಂದು ಹಳೆಯ ಪರೀಕ್ಷೆಯಿದೆ. ಓಡುತ್ತಿರುವಾಗ ಪಕ್ಕದವನೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾದರೆ ವೇಗ ಹಿತಮಿತವಾಗಿದೆ. ಎರಡು ಪದಕ್ಕೊಮ್ಮೆ ಉಸಿರು ತುಂಡಾದರೆ ಮಿತಿ ಮೀರಿದೆ. ಶ್ರಮ ಹೆಚ್ಚಿದಂತೆ ರಕ್ತದಲ್ಲಿ ಸೇರುವ ಇಂಗಾಲದ ಡೈಆಕ್ಸೈಡನ್ನು ಹೊರಹಾಕಲು ಉಸಿರಾಟ ತೀವ್ರವಾಗುತ್ತದೆ. ಮಾತಿಗೆ ಬೇಕಾದ ಉಸಿರು ಮಿಗುವುದಿಲ್ಲ. ಬೆಲೆಯಿಲ್ಲದ ಈ ಮಾಪಕಕ್ಕೆ ಬೇಕಾದುದು ಒಬ್ಬ ಜೊತೆಗಾರ, ಅಷ್ಟೆ.

ಎರಡನೆಯದು ಶಾಖದ ಕಾವಲು. ಓಟಗಾರನು ವೆಚ್ಚಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ಶಾಖವಾಗಿ ಪರಿಣಮಿಸುತ್ತದೆ. ನಮ್ಮ 530 ವಾಟಿನ ಓಟಗಾರನ ದೇಹವು ಸುಮಾರು 400 ವಾಟಿನ ಒಲೆಯಂತೆ ಐದೂವರೆ ಗಂಟೆ ಉರಿಯುತ್ತದೆ. ಒಂದು ಲೀಟರ್ ಬೆವರು ಚರ್ಮದಿಂದ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆವಿಯಾಗದೆ ತೊಟ್ಟಿಕ್ಕುತ್ತದೆ; ಹಾಗೆ ತೊಟ್ಟಿಕ್ಕಿದ ಬೆವರಿನಿಂದ ತಂಪು ದೊರೆಯುವುದಿಲ್ಲ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಮಿದುಳು ಮಂಕಾಗತೊಡಗುತ್ತದೆ. ಅಪಾಯವನ್ನು ಗುರುತಿಸಬೇಕಾದ ಅಂಗವೇ ಮೊದಲು ಕೈಕೊಡುವುದು ಇಲ್ಲಿಯ ವಿಪರೀತ. ಓಟಗಾರನು ತನಗೇನೂ ಆಗಿಲ್ಲವೆಂದು ಹಟ ಹಿಡಿಯುತ್ತಾನೆ. ಅವನ ಹೆಜ್ಜೆ ತಪ್ಪಿದುದು, ಮಾತು ತೊದಲಿದುದು ಪಕ್ಕದವನಿಗೆ ಕಾಣುತ್ತದೆ. ಆಗ ಅವನನ್ನು ಹಿಡಿದು ನಿಲ್ಲಿಸಿ, ನೆರಳಿಗೆ ಒಯ್ದು, ತಣ್ಣೀರಿನಿಂದ ಮೈ ತಂಪುಗೊಳಿಸಿ ವೈದ್ಯರನ್ನು ಕರೆಯಿಸುವವನು ಪ್ರಾಣದಾತನೇ ಸರಿ.

ಆದರೆ ನೆರವು ನೀಡುವವನಿಗೆ ತಿಳಿವಳಿಕೆಯೂ ಇರಬೇಕು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಅಂಶ ಇರಬೇಕಾದುದಕ್ಕಿಂತ ಕೆಳಗಿಳಿದಿತ್ತು. ಓಟದ ಅವಧಿಯಲ್ಲಿ ತೂಕ ಹೆಚ್ಚಿಸಿಕೊಂಡವರಲ್ಲಿ, ಎಂದರೆ ಬೆವರಿದುದಕ್ಕಿಂತ ಹೆಚ್ಚು ಕುಡಿದವರಲ್ಲಿ, ಮತ್ತು ನಾಲ್ಕು ಗಂಟೆಗಳಿಗಿಂತ ಹೆಚ್ಚು ಕಾಲ ಓಡಿದವರಲ್ಲಿ ಇದು ವಿಶೇಷವಾಗಿ ಕಂಡುಬಂದಿತು. ರಕ್ತ ತೆಳುವಾದಾಗ ಪರಾಸರಣದಿಂದ ನೀರು ಜೀವಕೋಶಗಳೊಳಕ್ಕೆ ನುಗ್ಗುತ್ತದೆ; ಬಿಗಿಯಾದ ತಲೆಬುರುಡೆಯೊಳಗೆ ಮಿದುಳು ಊದಿಕೊಂಡರೆ ಸಾವೂ ಸಂಭವಿಸಬಹುದು. "ಇನ್ನೂ ಕುಡಿ, ಇನ್ನೂ ಕುಡಿ" ಎಂದು ಪ್ರತಿ ತಿರುವಿನಲ್ಲಿಯೂ ನೀರು ಹಿಡಿಯುವ ಗೆಳೆಯನು ಒಳ್ಳೆಯ ಮನಸ್ಸಿನಿಂದಲೇ ಕೇಡು ಮಾಡಿಯಾನು. ಬಾಯಾರಿದಾಗ ಬಾಯಾರಿದಷ್ಟು ಕುಡಿಯುವುದು ಸಾಮಾನ್ಯರಿಗೆ ಸಾಕಾದ ಸೂತ್ರ.

ಒಟ್ಟಿಗೆ ಹೆಜ್ಜೆಯಿಡುವುದು

ಜೊತೆಯಲ್ಲಿ ಅಭ್ಯಾಸ ಮಾಡಿದರೆ ನೋವು ಕಡಮೆಯೆನಿಸುವುದೆಂದು ಓಟಗಾರರು ಹೇಳುತ್ತಾರೆ. ಇದು ಬರಿಯ ಭಾವನೆಯೆ? ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ದೋಣಿ ಹುಟ್ಟುಹಾಕುವ 12 ಮಂದಿಯ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಅವರನ್ನು ಕೋಣೆಯೊಳಗಿನ ಯಂತ್ರಗಳ ಮೇಲೆ ಒಮ್ಮೆ ಒಂಟಿಯಾಗಿಯೂ ಒಮ್ಮೆ ತಂಡವಾಗಿಯೂ ಹುಟ್ಟುಹಾಕಿಸಿದರು. ಅನಂತರ ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ತೋಳಿಗೆ ಕಟ್ಟಿ, ಎಷ್ಟು ಒತ್ತಿದಾಗ ನೋವೆನಿಸುವುದೆಂದು ನೋಡಿದರು. ಶ್ರಮ ಸಮಾನವಾಗಿದ್ದರೂ ತಂಡವಾಗಿ ದುಡಿದ ದಿನ ನೋವನ್ನು ತಾಳುವ ಶಕ್ತಿ ಹೆಚ್ಚಾಗಿತ್ತು. ಮಿದುಳಿನಲ್ಲಿ ಉತ್ಪತ್ತಿಯಾಗುವ ಎಂಡಾರ್ಫಿನ್ ಎಂಬ ವಸ್ತುಗಳು ಇದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು. ಹನ್ನೆರಡು ಮಂದಿಯಿಂದ ದೊಡ್ಡ ಸಿದ್ಧಾಂತವನ್ನು ಕಟ್ಟುವುದು ತರವಲ್ಲ. ಆದರೂ ಓಟಗಾರರ ಅನುಭವವನ್ನು ತಳ್ಳಿಹಾಕುವಂತಿಲ್ಲವೆಂದು ಇದರಿಂದ ತಿಳಿಯುತ್ತದೆ.

ಕಾಯಿಲೆಯ ಕಾಲದಲ್ಲಿ

ಗೆಳೆತನಕ್ಕೆ ನಿಜವಾದ ಪರೀಕ್ಷೆ ಬರುವುದು ಕಾಯಿಲೆಯಲ್ಲಿ. ಜ್ವರ ಬಂದಾಗ ಓಡಬಾರದು. ಆಗಲೇ ಕಾದಿರುವ ದೇಹಕ್ಕೆ ಓಟದ ಶಾಖವೂ ಸೇರುತ್ತದೆ. ಅಲ್ಲದೆ ಕೆಲವು ವೈರಸುಗಳು ಹೃದಯದ ಸ್ನಾಯುವಿಗೂ ತಗಲುವುದುಂಟು, ಅಂಥ ಸಮಯದಲ್ಲಿ ಕಠಿಣ ಶ್ರಮ ಪ್ರಾಣಾಪಾಯಕರ. ಪಂದ್ಯ ಹತ್ತಿರ ಬಂದಿರುವಾಗ ಈ ಮಾತು ಕಾಯಿಲೆಯವನಿಗೆ ರುಚಿಸದು. "ಈ ವಾರ ಬೇಡ, ನಾವು ಕಾಯುತ್ತೇವೆ" ಎಂದು ಗೆಳೆಯರು ಹೇಳಿದಾಗ ಮಾತ್ರ ಅದು ಕಿವಿಗೆ ಇಳಿಯುತ್ತದೆ.

ಹಾಗೆಂದು ಬಹುಕಾಲದ ವಿಶ್ರಾಂತಿಯೂ ನಿರಪಾಯವಲ್ಲ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ 20 ವರ್ಷ ವಯಸ್ಸಿನ 5 ಮಂದಿ ಆರೋಗ್ಯವಂತ ಯುವಕರನ್ನು ಪ್ರಯೋಗಕ್ಕಾಗಿ 3 ವಾರ ಹಾಸಿಗೆಯಲ್ಲಿಯೇ ಇರಿಸಿದರು. ಆಮ್ಲಜನಕವನ್ನು ಬಳಸಿಕೊಳ್ಳುವ ಅವರ ಗರಿಷ್ಠ ಶಕ್ತಿ ನೂರಕ್ಕೆ ಸುಮಾರು 27ರಷ್ಟು ಕುಗ್ಗಿತು. 30 ವರ್ಷಗಳ ಬಳಿಕ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಕಂಡ ಸಂಗತಿ ಇನ್ನೂ ಸೋಜಿಗದ್ದು: ಮೂವತ್ತು ವರ್ಷಗಳ ವಯಸ್ಸು ಮಾಡಿದ್ದ ನಷ್ಟಕ್ಕಿಂತ ಆ ಮೂರು ವಾರಗಳ ಹಾಸಿಗೆ ಮಾಡಿದ್ದ ನಷ್ಟವೇ ಹೆಚ್ಚಾಗಿತ್ತು. ಆದರೆ 1966ರಲ್ಲಿಯೇ, ಹಾಸಿಗೆಯಿಂದ ಎದ್ದ ಬಳಿಕ ಎರಡು ತಿಂಗಳ ಕ್ರಮವಾದ ಅಭ್ಯಾಸದಿಂದ ಅವರು ಕಳೆದುಕೊಂಡುದನ್ನು ಮರಳಿ ಪಡೆದಿದ್ದರು. ಕಾಯಿಲೆಯಿಂದೆದ್ದವನಿಗೆ ಇದಕ್ಕಿಂತ ಧೈರ್ಯದ ಮಾತು ಬೇಕಿಲ್ಲ.

ಕ್ಯಾನ್ಸರ್ ರೋಗಿಗೆ ವಿಶ್ರಾಂತಿಯೇ ಮದ್ದೆಂಬುದು ಬಹುಕಾಲದ ನಂಬಿಕೆಯಾಗಿತ್ತು. 2025ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯನ್ನೂ ಔಷಧಗಳನ್ನೂ ಪಡೆದ 889 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರೋಗ್ಯದ ತಿಳಿವಳಿಕೆಯ ಪುಸ್ತಿಕೆಗಳನ್ನು ಕೊಟ್ಟರು. ಇನ್ನೊಂದು ಗುಂಪಿನವರಿಗೆ 3 ವರ್ಷಗಳ ವ್ಯಾಯಾಮ ಕ್ರಮವನ್ನು ಗೊತ್ತುಮಾಡಿ, ಪ್ರತಿಯೊಬ್ಬರಿಗೂ ಮಾರ್ಗದರ್ಶಕರೊಬ್ಬರನ್ನು ಒದಗಿಸಿದರು. 5 ವರ್ಷಗಳ ಕೊನೆಗೆ ಕ್ಯಾನ್ಸರಿನ ಕಾಟವಿಲ್ಲದೆ ಬದುಕಿದ್ದವರು ಪುಸ್ತಿಕೆಯ ಗುಂಪಿನಲ್ಲಿ ನೂರಕ್ಕೆ 73.9, ವ್ಯಾಯಾಮದ ಗುಂಪಿನಲ್ಲಿ 80.3. ಎಲ್ಲ ಬಗೆಯ ಕ್ಯಾನ್ಸರಿಗೂ ಇದನ್ನು ಅನ್ವಯಿಸಲಾಗದು. ಚಿಕಿತ್ಸೆಗೆ ಬದಲಾಗಿ ವ್ಯಾಯಾಮ ಸಾಕೆಂದೂ ಇದರ ಅರ್ಥವಲ್ಲ. ಆದರೆ ಪುಸ್ತಿಕೆ ಮಾಡದುದನ್ನು ವ್ಯಾಯಾಮವೂ ಅದಕ್ಕೆ ಬೆಂಬಲವಾಗಿ ನಿಂತ ಮನುಷ್ಯನೂ ಕೂಡಿ ಮಾಡಿದುದನ್ನು ಇಲ್ಲಿ ಗಮನಿಸಬೇಕು.

ಲೆಬೊ ಅವರನ್ನು ಓಟ ಗುಣಪಡಿಸಲಿಲ್ಲ. ರೋಗ ಮರಳಿ ಬಂದು, 1994ರ ಅಕ್ಟೋಬರ್ 9ರಂದು ಅವರು ತೀರಿಕೊಂಡರು. ಗಡಿಯಾರ ನೋಡುತ್ತ ನಿಂತಿರುವ ಅವರ ಪ್ರತಿಮೆ ಸೆಂಟ್ರಲ್ ಪಾರ್ಕಿನಲ್ಲಿದೆ. ವೈಟ್ಸ್ ಅವರಿಗೂ 2005ರಲ್ಲಿ ಕ್ಯಾನ್ಸರ್ ತಗಲಿತು. 2007ರಲ್ಲಿ ಅವರು ತಮ್ಮ ದೇಶದಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿದರು; ಕ್ಯಾನ್ಸರ್ ರೋಗಿಗಳು ಚಿಕಿತ್ಸೆ ಪಡೆಯುತ್ತಲೇ ವ್ಯಾಯಾಮ ಮಾಡುವುದಕ್ಕೆ ಆಸ್ಪತ್ರೆಗಳಲ್ಲಿ ಸ್ಥಳ ಏರ್ಪಡಿಸುವುದು ಅದರ ಕೆಲಸ. 2011ರ ಏಪ್ರಿಲ್ 19ರಂದು, 57ನೆಯ ವಯಸ್ಸಿನಲ್ಲಿ, ಅವರೂ ತೀರಿಕೊಂಡರು.

ನಮ್ಮ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ವೈಟ್ಸ್ ಅವರು ಲೆಬೊ ಅವರಿಗೆ ಒಂದು ಕ್ಯಾಲೊರಿಯನ್ನೂ ಕೊಡಲಿಲ್ಲ. ಅವರ ಗಾಳಿಯನ್ನು ತಡೆಯಲಿಲ್ಲ. ಅವರ ಹೆಜ್ಜೆಗಳಲ್ಲಿ ಒಂದನ್ನೂ ತಾವು ಹಾಕಲಿಲ್ಲ. ತಮಗೆ ಸಹಜವಾದ ವೇಗವನ್ನು ಬಿಟ್ಟು ಇನ್ನೊಬ್ಬರ ವೇಗಕ್ಕೆ ಇಳಿದು, ಐದೂವರೆ ಗಂಟೆಗಳ ಕಾಲ ಅವರನ್ನು ಕಣ್ಣಿನಲ್ಲಿಟ್ಟುಕೊಂಡಿದ್ದರು.

ಬೆಳಗ್ಗೆ ಕಾಲೇಜು ಮೈದಾನದಲ್ಲಿ ಗುಂಪಾಗಿ ಓಡುವ ವಿದ್ಯಾರ್ಥಿಗಳು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಅವರಿಗೆ ನಮ್ಮದೊಂದು ಸಲಹೆ. ನಾಳೆ ಓಡುವಾಗ ನಿಮ್ಮಲ್ಲಿ ಹಿಂದುಳಿದವನ ಪಕ್ಕಕ್ಕೆ ಬಂದು ಎರಡು ಸುತ್ತು ಮಾತನಾಡುತ್ತ ಓಡಿ ನೋಡಿ. ಹಲವು ದಿನಗಳಿಂದ ಬಾರದವನಿದ್ದರೆ ಮೈದಾನದಿಂದ ನೇರವಾಗಿ ಅವನ ಮನೆಗೆ ಹೋಗಿ ವಿಚಾರಿಸಿ.