ವಿದ್ಯೆಯ ವೆಚ್ಚ ಯಾರ ಪಾಲು? – ಕಾಶಿಯ ನಿದರ್ಶನ

ಕಾಶಿಯಾತ್ರೆಗೆ ಹೋದ ನಮ್ಮವರು ಗಂಗಾಸ್ನಾನ, ವಿಶ್ವನಾಥನ ದರ್ಶನಗಳನ್ನು ಮುಗಿಸಿ, ವೇಳೆಯುಳಿದರೆ ಹಿಂದೂ ವಿಶ್ವವಿದ್ಯಾನಿಲಯವನ್ನೂ ನೋಡಿ ಬರುವುದುಂಟು. ಅದರ ಪ್ರಥಮ ಕುಲಾಧಿಪತಿಗಳು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರೆಂಬುದು ಅನೇಕರಿಗೆ ತಿಳಿಯದು. 1916ರ ಫೆಬ್ರವರಿ 4ರಂದು ಅಲ್ಲಿ ಅಸ್ತಿಭಾರವಿಟ್ಟರು. ಅದೇ ವರ್ಷದ ಜುಲೈಯಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಜನ್ಮ ತಾಳಿತು. ಒಂದೇ ವರ್ಷ ಹುಟ್ಟಿದ ಇವೆರಡು ಇಂದು ಬೇರೆ ಬೇರೆ ಬೊಕ್ಕಸಗಳ ಆಶ್ರಯದಲ್ಲಿವೆ. ಹೊರನಾಡಿನಲ್ಲಿ ಮಕ್ಕಳನ್ನು ಓದಿಸುವವರು ಈ ಭೇದವನ್ನು ಅರಿತಿರಬೇಕು.

ಪಂಡಿತ ಮದನಮೋಹನ ಮಾಳವೀಯರು ರಾಜಮಹಾರಾಜರಿಂದ ಮೊದಲ್ಗೊಂಡು ಸಾಮಾನ್ಯರವರೆಗೆ ಎಲ್ಲರ ಮುಂದೆಯೂ ಕೈಯೊಡ್ಡಿ ನಿಧಿ ಕೂಡಿಸಿದರು. ಆದರೆ ದಾನದಿಂದ ಕಟ್ಟಡಗಳೇಳಬಹುದು. ವರ್ಷವರ್ಷದ ಸಂಬಳ ಸಾಗುವುದು ಕಷ್ಟ. ಸಂವಿಧಾನವು ಈ ವಿದ್ಯಾಲಯವನ್ನು ಹೆಸರಿಸಿಯೇ ಕೇಂದ್ರದ ಪಟ್ಟಿಗೆ ಸೇರಿಸಿತು. ಇಂದು ಅದರ ವೆಚ್ಚಕ್ಕೆ ಮುಖ್ಯ ಆಧಾರ ಕೇಂದ್ರ ಸರಕಾರದ ಅನುದಾನ. ಅದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಮೂಲಕ ಬರುತ್ತದೆ. ಅದೇ ಊರಿನ ಕಾಶೀ ವಿದ್ಯಾಪೀಠದ ಕಥೆ ಬೇರೆ. 1921ರಲ್ಲಿ, ಅಸಹಕಾರ ಚಳವಳಿಯ ಕಾವಿನಲ್ಲಿ, ಸರಕಾರದ ಕಾಸೇ ಬೇಡವೆಂದು ಹುಟ್ಟಿದ ಸಂಸ್ಥೆಯದು. ಈಗ ಅದೂ ಉತ್ತರ ಪ್ರದೇಶದ ರಾಜ್ಯ ವಿಶ್ವವಿದ್ಯಾನಿಲಯ! 1791ರಲ್ಲಿ ಪಾಠಶಾಲೆಯಾಗಿ ಆರಂಭವಾದ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾನಿಲಯವೂ ರಾಜ್ಯದ್ದೇ.

1976ರ 42ನೆಯ ತಿದ್ದುಪಡಿಯವರೆಗೆ ಶಿಕ್ಷಣವು ಬಹುಮಟ್ಟಿಗೆ ರಾಜ್ಯಗಳ ವಿಷಯವಾಗಿತ್ತು. ಅನಂತರ ಸಮವರ್ತಿ ಪಟ್ಟಿಗೆ ಸೇರಿತು. ಆದರೂ ಶಾಲಾ ಉಪಾಧ್ಯಾಯರ ಸಂಬಳದ ಭಾರ ಹೆಚ್ಚಾಗಿ ರಾಜ್ಯಗಳ ಹೆಗಲ ಮೇಲಿದೆ. ರಾಷ್ಟ್ರೀಯ ಆದಾಯದ ಶೇಕಡಾ 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು ಕೊಠಾರಿ ಆಯೋಗವು 1966ರಲ್ಲಿ ಹೇಳಿತು. 2020ರ ರಾಷ್ಟ್ರೀಯ ನೀತಿಯೂ ಅದೇ 6ನ್ನು ಜಪಿಸಿತು. ಅಂಕಿಗೆ ಮುಪ್ಪು ಬಂದಿತೇ ಹೊರತು ಗುರಿ ಕೈಗೂಡಲಿಲ್ಲ.

ಇನ್ನು ಪ್ರವೇಶದ ಮಾತು. ಹಣ ಕೊಡುವವರ ಕೈಯಲ್ಲಿಯೇ ಬಾಗಿಲ ಕೀಲಿ. ರಾಜ್ಯ ಸರಕಾರಗಳ ವೈದ್ಯ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇಕಡಾ 85 ಸ್ಥಾನಗಳು ಆಯಾ ರಾಜ್ಯದ ವಾಸ-ವ್ಯಾಸಂಗ ನಿಯಮಗಳಿಗೆ ಒಳಪಟ್ಟವರಿಗೆ. ಉಳಿದ 15 ಮಾತ್ರ ಅಖಿಲ ಭಾರತದ ಪಾಲು. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ವೈದ್ಯ ವ್ಯಾಸಂಗಕ್ಕಾದರೋ ದೇಶದ ಎಲ್ಲೆಡೆಯ ಮಕ್ಕಳೂ ಸ್ಪರ್ಧಿಸಬಹುದು. ನೌಕರಿಯ ನಿಮಿತ್ತ ಊರೂರು ತಿರುಗುವ ಕುಟುಂಬದ ಮಗುವಿಗೆ ಹುಟ್ಟೂರಿನಲ್ಲಿಯೂ ಇರುವ ಊರಿನಲ್ಲಿಯೂ ಅರ್ಹತೆ ತಪ್ಪುವ ಸಂಭವವುಂಟು. ಆದುದರಿಂದ ವರ್ಗವಾದಾಗಲೆಲ್ಲ, ಮಗು ಯಾವ ತರಗತಿಗಳನ್ನು ಎಲ್ಲಿ ಓದಿತೆಂಬ ವ್ಯಾಸಂಗ ಪ್ರಮಾಣಪತ್ರವನ್ನು ಊರು ಬಿಡುವ ಮುನ್ನವೇ ಶಾಲೆಯಿಂದ ಪಡೆದಿಟ್ಟುಕೊಳ್ಳತಕ್ಕದ್ದು.